ಫ್ಯಾಮಿಲಿ ರೂಮಿನ ಭಕ್ತರು

ಮಂಡಿಪೇಟೆ ಕಡೆಯ ಆ ಹಳೇ ಬಾರನ್ನು ಕೆಡವಿದ ಸುದ್ದಿ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ತುಮಕೂರಿನ ಅರ್ಧ ಗಂಡಸರು ಅದಕ್ಕೆ ಶ್ರದ್ಧಾಂಜಲಿ ಬರೆದಿದ್ದಾರೆ. ಜೆಸಿಬಿ ಬಾಯಿಗೆ ಸಿಕ್ಕಿದ ಬೋರ್ಡಿನ ಫೋಟೊ, ಕೆಳಗೆ ಕೈಮುಗಿಯುವ ಎಮೋಜಿ, 'ಒಂದು ಯುಗ ಮುಗಿಯಿತು' ಅಂತ ಒಂದು ಸಾಲು. ಒಬ್ಬ ಹಿರಿಯರಂತೂ ಅದನ್ನು ಪಾರಂಪರಿಕ ಕಟ್ಟಡ ಅಂತ ಘೋಷಿಸಿ ಉಳಿಸಿಕೊಳ್ಳಬೇಕಿತ್ತು ಅಂದರು. ಇದೇ ಹಿರಿಯರು ಹಿಂದೊಮ್ಮೆ 'ಬಡಾವಣೆಯ ವಾತಾವರಣ ಕೆಡುತ್ತಿದೆ, ಬಾರ್ ಎತ್ತಂಗಡಿ ಮಾಡಿಸಿ' ಅನ್ನುವ ಅರ್ಜಿಗೆ ಮೊದಲ ಸಹಿ ಹಾಕಿದ್ದರು. ಸಹಿ ಸ್ವಲ್ಪ ವಾಲಿತ್ತು. ಯಾಕೆ ಅಂತ ಕೇಳಬೇಡಿ.

ಇರಲಿ, ಅವರ ದುಃಖಕ್ಕೆ ನಮ್ಮದೂ ಒಂದು ಪಾಲು ಸೇರಿಸೋಣ. ಆ ಬಾರಿನಲ್ಲಿ ಮೂರು ಜಾತಿ ಇತ್ತು. ನಿಂತವರು, ಕೂತವರು, ಅಡಗಿದವರು. ನಿಂತವರು ಮಂಡಿಯ ಹಮಾಲಿಗಳು. ಕೌಂಟರಿನಲ್ಲಿ ನೈಂಟಿ ಎತ್ತಿ, ಉಪ್ಪಿನಕಾಯಿ ನೆಕ್ಕಿ, ಮುಖ ಹಿಂಡಿ ಹೊರಟೇ ಬಿಡುತ್ತಿದ್ದರು. ಕೂತವರು ಕೊಬ್ಬರಿ ರೇಟು, ಅಡಿಕೆ ರೇಟು, ರಾಜ್ಯ ರಾಜಕೀಯ ಎಲ್ಲವನ್ನೂ ಒಂದು ಪ್ಲೇಟು ಕಡಲೆಬೀಜದಲ್ಲಿ ಮುಗಿಸುತ್ತಿದ್ದರು. ಅಡಗಿದವರಿಗೆ ಹಿಂದುಗಡೆ ಪರದೆ ಹಾಕಿದ ರೂಮು. ಬಾಗಿಲ ಮೇಲೆ 'ಫ್ಯಾಮಿಲಿ ರೂಮ್' ಅಂತ ಬರೆದಿತ್ತು. ಆ ರೂಮಿಗೆ ಯಾವ ಫ್ಯಾಮಿಲಿಯೂ ಬಂದದ್ದನ್ನು ನಾನು ನೋಡಿಲ್ಲ. ಮೇಷ್ಟ್ರು, ವಕೀಲರು, ಅರ್ಚಕರ ಭಾವಮೈದ, ನಮ್ಮ ಸಹಿ ಹಿರಿಯರು, ಇವರೇ ಅಲ್ಲಿನ ಸಂಸಾರ. ಈಗ ಅತ್ತು ಬರೆಯುತ್ತಿರುವವರೂ ಬಹುಪಾಲು ಇವರೇ. ನಿಂತು ಕುಡಿದವನು ಒಂದು ಸಾಲೂ ಬರೆದಿಲ್ಲ. ಅವನಿಗೆ ಅದು ನೆನಪಲ್ಲ, ಸಾಯಂಕಾಲ.

ಅಲ್ಲಿದ್ದ ಸಪ್ಲೈಯರ್ ಅಣ್ಣನ ಬಗ್ಗೆ ಮಾತ್ರ ಹೇಳಲೇಬೇಕು. ಯಾರು ಶ್ರಾವಣ ಹಿಡಿಯುತ್ತಾರೆ, ಯಾರು ಶನಿವಾರ ಮುಟ್ಟುವುದಿಲ್ಲ, ಯಾರು ಶನಿವಾರ ರಾತ್ರಿ ಹನ್ನೆರಡಕ್ಕೆ ಐದು ನಿಮಿಷ ಇದೆ ಅನ್ನುವಾಗ ಬಂದು ಗಡಿಯಾರ ನೋಡುತ್ತಾ ಕೂರುತ್ತಾರೆ, ಅವನಿಗೆ ಎಲ್ಲಾ ಗೊತ್ತು. ಅಯ್ಯಪ್ಪನ ಮಾಲೆ ಹಾಕಿದವರು ಸಂಕ್ರಾಂತಿ ಕಳೆದ ಮೇಲೆ ಮತ್ತೆ ಕಾಣಿಸಿಕೊಂಡರೆ ಟೇಬಲ್ ಒರೆಸುತ್ತಾ, 'ಯಾತ್ರೆ ಚೆನ್ನಾಗಾಯ್ತಾ ಸ್ವಾಮಿ, ಮಾಮೂಲಿನೇ ತರ್ಲಾ?' ಅನ್ನುತ್ತಿದ್ದ. ಅವನ ಬಗ್ಗೆ ಯಾವ ಶ್ರದ್ಧಾಂಜಲಿಯಲ್ಲೂ ಒಂದು ಮಾತಿಲ್ಲ. ಈಗ ಎಲ್ಲಿ ಕೆಲಸ ಮಾಡುತ್ತಿದ್ದಾನೆ ಅಂತಲೂ ಯಾರೂ ವಿಚಾರಿಸಿಲ್ಲ.

ಕುಡಿಯುವವನ ಮೇಲೆ ಸರ್ಕಾರಕ್ಕಿರುವ ಪ್ರೀತಿ ಇದಕ್ಕಿಂತ ದೊಡ್ಡದು. 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಅಲ್ಲಿಯವರೆಗೆ ಪ್ಯಾಕೆಟ್ ಸಾರಾಯಿ ಕುಡಿದು ಹಾಳಾಗುತ್ತಿದ್ದ ಕೂಲಿಯವನು ಆಮೇಲೆ ಜಾಸ್ತಿ ದುಡ್ಡು ಕೊಟ್ಟು ವಿಸ್ಕಿ ಕುಡಿದು ಹಾಳಾಗುವಷ್ಟು ಮುಂದುವರಿದ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿದಾಗ ಇನ್ನೂ ಮಜಾ. ದೇಶದ ಹಲವು ಕಡೆ ಬಾರು ಕದಲಲಿಲ್ಲ, ಹೆದ್ದಾರಿಯೇ ಕದಲಿತು. ಅಂದರೆ ಕಾಗದದ ಮೇಲೆ ಅದರ ಹೆದ್ದಾರಿ ಪಟ್ಟ ಕಿತ್ತು, ಊರ ರಸ್ತೆ ಮಾಡಿದರು. ಮುಂದಿನ ಜುಲೈನಲ್ಲಿ, ಪುರಸಭೆ ನಗರಸಭೆ ವ್ಯಾಪ್ತಿಯ ಒಳಗಿನ ಅಂಗಡಿಗಳಿಗೆ ಇದು ಅಡ್ಡಿಯಿಲ್ಲ ಅಂತ ಕೋರ್ಟೇ ಸ್ಪಷ್ಟ ಮಾಡಿತು. ಬಿ.ಎಚ್. ರಸ್ತೆಯ ಅಕ್ಕಪಕ್ಕ ಅಂಗೈ ಮೇಲೆ ಮೀಟರ್ ಲೆಕ್ಕ ಹಾಕುತ್ತಿದ್ದವರು ಉಸಿರು ಬಿಟ್ಟರು. ಇನ್ನು 2020ರ ಲಾಕ್‌ಡೌನು ನೆನಪಿದೆ ಅಲ್ವಾ? ಮೇ 4ಕ್ಕೆ ಅಂಗಡಿ ತೆಗೆದರು, ಮಾರನೇ ದಿನ ಒಂದೇ ದಿನಕ್ಕೆ ರಾಜ್ಯದಲ್ಲಿ 197 ಕೋಟಿ ರೂಪಾಯಿ ಮದ್ಯ ಹೋಯಿತು. ಆ ಸಾಲಿನಲ್ಲಿ ನಿಂತವರಷ್ಟು ಶಿಸ್ತಾಗಿ ನಾವು ಯಾವ ಮತಗಟ್ಟೆಯಲ್ಲೂ ನಿಂತಿಲ್ಲ.

ಈಗ ಬಾರ್ ಹೋದ ಮೇಲೆ ಹತ್ತಿರದಲ್ಲಿ ಉಳಿದಿರುವುದು ಎಂಆರ್‌ಪಿ ಅಂಗಡಿ. ಕಬ್ಬಿಣದ ಜಾಲರಿ, ಕೈ ತೂರುವಷ್ಟು ಕಿಂಡಿ. ದುಡ್ಡು ಒಳಗೆ, ಬಾಟ್ಲಿ ಹೊರಗೆ. ಅದು ಸಿಎಲ್-2 ಲೈಸೆನ್ಸು, ಮಾರಾಟಕ್ಕೆ ಮಾತ್ರ, ಅಲ್ಲಿ ಕುಡಿಯುವ ಹಾಗಿಲ್ಲ. ರಸ್ತೆಯಲ್ಲೂ ಕುಡಿಯುವ ಹಾಗಿಲ್ಲ. ಒಂದೇ ರೂಮಿನ ಬಾಡಿಗೆ ಮನೆಯಲ್ಲಿ ಮಕ್ಕಳ ಮುಂದೆ ಕುಡಿಯಬಾರದು. ಹಾಗಾದರೆ ಎಲ್ಲಿ? ಖಾಲಿ ಸೈಟು, ಕೆರೆ ಏರಿ, ಶಾಲೆ ಕಾಂಪೌಂಡಿನ ಹಿಂದೆ. ಬೆಳಿಗ್ಗೆ ಆ ಒಡೆದ ಬಾಟ್ಲಿ ಗುಡಿಸುವವರು ಪೌರಕಾರ್ಮಿಕರು, ಅವರಲ್ಲೂ ಹೆಂಗಸರೇ ಜಾಸ್ತಿ, ಕೆಲವರ ಕೈಗೆ ಗ್ಲೌಸೂ ಇಲ್ಲ. ಇದು ಸ್ಮಾರ್ಟ್ ಸಿಟಿ.

ತಮಾಷೆ ಮಾಡಿ ಮಾಡಿ ಸಾಕಾಗಿದೆ. ಆ ಹಳೇ ಬಾರೂ ಪುಣ್ಯಕ್ಷೇತ್ರ ಏನಲ್ಲ. ಅಲ್ಲಿಂದ ಎದ್ದು ಹೋದವರು ಮನೆಯಲ್ಲಿ ಏನು ಮಾಡುತ್ತಿದ್ದರು ಅಂತ ಪಕ್ಕದ ಮನೆಯವರಿಗೆಲ್ಲ ಕೇಳಿಸುತ್ತಿತ್ತು, ಕೇಳಿಸಿಕೊಂಡು ಟಿವಿ ಸೌಂಡು ಜೋರು ಮಾಡುತ್ತಿದ್ದೆವು. ಇವತ್ತು ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಡತಿಯ ಖಾತೆಗೆ ಬಿದ್ದ ದಿನವೇ ಜಗಳ ಶುರುವಾಗುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಆ ದುಡ್ಡು ಗಂಡನ ಜೇಬು ಹೊಕ್ಕು, ಕಿಂಡಿ ಹೊಕ್ಕು, ಬಂದಲ್ಲಿಗೇ ವಾಪಸ್ ಹೋಗುತ್ತದೆ. ಇದನ್ನು ಯೋಜನೆ ಅನ್ನಬೇಕೋ ಸುತ್ತು ಬಸ್ಸು ಅನ್ನಬೇಕೋ ನೀವೇ ಹೇಳಿ.

ನಮ್ಮ ಜಿಲ್ಲೆ ಸುಮ್ನೆ ಕೂತಿಲ್ಲ ಬಿಡಿ. 2025ರ ಮಾರ್ಚ್‌ನಲ್ಲಿ ತುರುವೇಕೆರೆ ಶಾಸಕ ಎಂ.ಟಿ. ಕೃಷ್ಣಪ್ಪನವರು ವಿಧಾನಸಭೆಯಲ್ಲಿ ಎದ್ದು, ಹೆಂಗಸರಿಗೆ ತಿಂಗಳಿಗೆ 2,000 ಕೊಡುತ್ತೀರಲ್ಲ, ಗಂಡಸರಿಗೆ ವಾರಕ್ಕೆ ಎರಡು ಬಾಟ್ಲಿ ಉಚಿತವಾಗಿ ಕೊಡಿ ಅಂದರು. ಗೆದ್ದು ಸರ್ಕಾರ ಮಾಡಿ ನೀವೇ ಕೊಡಿ, ನಾವು ಜನ ಕಡಿಮೆ ಕುಡಿಯಲಿ ಅಂತ ನೋಡುತ್ತಿದ್ದೇವೆ ಅಂತ ಸಚಿವ ಕೆ.ಜೆ. ಜಾರ್ಜ್ ಉತ್ತರ ಕೊಟ್ಟರು. ಅದೇ ತಿಂಗಳ 7ರಂದು ಮಂಡಿಸಿದ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ. ಇದರ ಜೊತೆಗೆ ಕುಡಿಯಬೇಡಿ ಅನ್ನಲು ಮದ್ಯಪಾನ ಸಂಯಮ ಮಂಡಳಿ ಬೇರೆ ಇದೆ. ನಾವು ಜಾಸ್ತಿ ಕುಡಿದರೆ ಮಂಡಳಿ ಸೋಲುತ್ತದೆ, ಕಡಿಮೆ ಕುಡಿದರೆ ಇಲಾಖೆ ಸೋಲುತ್ತದೆ. ಇಬ್ಬರನ್ನೂ ಪಾಸು ಮಾಡಿಸುವ ಹೊಣೆ ಮಂಡಿಪೇಟೆಯ ಹಮಾಲಿಯದು.

ಶಾಸಕರ ಬೇಡಿಕೆಯಲ್ಲಿ ಒಂದಷ್ಟು ತಾಂತ್ರಿಕ ಪ್ರಶ್ನೆಗಳು ಉಳಿದಿವೆ. ಬಾಟ್ಲಿ ಅಂದರೆ ಕ್ವಾರ್ಟರಾ, ಫುಲ್ಲಾ? ಬಿಪಿಎಲ್ ಕಾರ್ಡಿಗೆ ಮಾತ್ರವಾ? ಹೆಬ್ಬೆಟ್ಟು ಒತ್ತುವಾಗ ಕೈ ನಡುಗಿ ಮಿಷನ್ ಒಪ್ಪದಿದ್ದರೆ ಯಾರ ಹತ್ತಿರ ಹೋಗಬೇಕು? ಶ್ರಾವಣದ ಬಾಕಿ ಭಾದ್ರಪದಕ್ಕೆ ಸೇರುತ್ತದಾ? ತಗೊಂಡು ಎಲ್ಲಿ ಕೂರಬೇಕು ಅನ್ನುವುದನ್ನೂ ಅವರು ಹೇಳಲಿಲ್ಲ.