ಎಚ್‌ಪಿವಿ ಇದ್ದರೆ ಸಿಸೇರಿಯನ್ ಕಡ್ಡಾಯವೇ? ಸತ್ಯಾಂಶ

‘ಗರ್ಭಿಣಿಗೆ ಎಚ್‌ಪಿವಿ ಇದ್ದರೆ ಸಿಸೇರಿಯನ್ನೇ ಆಗಬೇಕು, ಇಲ್ಲದಿದ್ದರೆ ಮಗುವಿಗೆ ಕ್ಯಾನ್ಸರ್’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು. ಎಚ್‌ಪಿವಿ ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್; ಇದರಲ್ಲಿ ಹಲವು ಬಗೆಗಳಿವೆ.

ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಡ. ಜನನಾಂಗದ ನರುಲಿಗಳು ಹೆರಿಗೆಯ ದಾರಿಗೆ ಅಡ್ಡವಾಗುವಷ್ಟು ಬೆಳೆದಿದ್ದರೆ, ಇಲ್ಲವೇ ವಿಪರೀತ ರಕ್ತಸ್ರಾವದ ಅಪಾಯವಿದ್ದರೆ ಮಾತ್ರ ವೈದ್ಯರು ಅದನ್ನು ಯೋಚಿಸುತ್ತಾರೆ. ನರುಲಿ ತರುವುದು ಹೆಚ್ಚಾಗಿ 6 ಮತ್ತು 11ನೇ ಬಗೆಯ ವೈರಸ್. ಗರ್ಭಕಂಠದ ಕ್ಯಾನ್ಸರ್‌ಗೆ ಮುಖ್ಯ ಕಾರಣ 16 ಮತ್ತು 18. ತೀರಾ ಅಪರೂಪಕ್ಕೆ 6, 11 ಮಗುವಿನ ಗಂಟಲಲ್ಲಿ ನರುಲಿ ಬೆಳೆಸುತ್ತವೆ. ಮಗುವಿನ ದನಿ ಗೊಗ್ಗರಾಗಿಯೇ ಉಳಿದರೆ ವೈದ್ಯರಿಗೆ ತೋರಿಸಿ.

ನಮಗೆ ಹೆಚ್ಚು ಆತಂಕ ಸ್ವಯಂಚಿಕಿತ್ಸೆಯದು. ನರುಲಿಗೆ ಹಚ್ಚುವ ಪೊಡೊಫಿಲಿನ್ ಔಷಧಿಯನ್ನು ಬಸಿರಿನಲ್ಲಿ ಹಚ್ಚಲೇಬೇಡಿ, ಅದು ರಕ್ತ ಸೇರಿ ಭ್ರೂಣಕ್ಕೆ ಹಾನಿ ಮಾಡಬಲ್ಲದು. ನರುಲಿ ತೆಗೆಯಲು ಕ್ರಯೋಥೆರಪಿ (ಹೆಪ್ಪುಗಟ್ಟಿಸುವ ಚಿಕಿತ್ಸೆ) ಅಥವಾ ಟ್ರೈಕ್ಲೋರೋಅಸಿಟಿಕ್ ಆಮ್ಲವನ್ನು ವೈದ್ಯರೇ ಬಳಸುತ್ತಾರೆ.

ಬಸಿರು ತಿಳಿಯದೆ ಎಚ್‌ಪಿವಿ ಲಸಿಕೆ ಪಡೆದಿದ್ದರೆ ಗರ್ಭಪಾತ ಬೇಕಿಲ್ಲ. ಉಳಿದ ಡೋಸ್ ಹೆರಿಗೆಯ ನಂತರ, ಹಾಲೂಡಿಸುವಾಗಲೂ ಪಡೆಯಬಹುದು.