ಕೊಂಕಣ ಸುತ್ತಿ ಓಸ್ತಿಯಾಕ್ಕೆ

ನಿನ್ನೆ ರಾತ್ರಿ ಊಟ ಮುಗಿಸಿ ಪಾತ್ರೆ ತೊಳೀತಾ ಇದ್ದೆ, ಹಾಲಲ್ಲಿ ಅಪ್ಪ ಫೋನಲ್ಲಿ ಯಾರಿಗೋ ಹೇಳ್ತಿದ್ದಿದ್ದು ಕಿವಿಗೆ ಬಿತ್ತು. "ಅಯ್ಯೋ, ಏರ್‌ಪೋರ್ಟ್ ಪಕ್ಕದಲ್ಲೇ ರೀ! ಬ್ಯಾಗ್ ಅಲ್ಲೇ ಇಟ್ಟು ಹಂಗೇ ಹೋಗಿ ಬಂದ್ಬಿಡಿ, ನಾವೂ ಹಂಗೇ ಮಾಡಿದ್ದು." ಕೈಲಿದ್ದ ಲೋಟ ಜಾರಿ ಸಿಂಕಿಗೆ ಬಿತ್ತು. ಸ್ಟೀಲ್ ಲೋಟ, ಅದಕ್ಕೇನೂ ಆಗಲಿಲ್ಲ. ನನಗೆ ಆಯ್ತು. ಆ "ಹಂಗೇ ಹೋಗಿ ಬಂದ" ದಿನ ಹಿಮ್ಮಡಿಯಲ್ಲಿ ಎದ್ದ ಬೊಬ್ಬೆಯ ಕಲೆ ಇನ್ನೂ ಹೋಗಿಲ್ಲ.

ಕಥೆ ಏನಪ್ಪಾ ಅಂದ್ರೆ, ರೋಮ್‌ನಿಂದ ವಾಪಸ್ ಬರೋ ದಿನ ನಮ್ಮ ಫ್ಲೈಟ್ ಇದ್ದಿದ್ದು ರಾತ್ರಿ. ಫ್ಯೂಮಿಚಿನೋ ಏರ್‌ಪೋರ್ಟ್ ಹತ್ರಾನೇ ರೂಮ್ ಮಾಡಿದ್ವಿ, ಬೆಳಗ್ಗೆ ಖಾಲಿ ಮಾಡಿ ಲಗೇಜನ್ನ ಏರ್‌ಪೋರ್ಟಲ್ಲಿ ಇಟ್ಟಾಯ್ತು, ಇಡೀ ದಿನ ಕೈಲಿದೆ. ಆಗ ಅಪ್ಪ ಮೊಬೈಲ್ ಮ್ಯಾಪ್ ಮೇಲೆ ಹೆಬ್ಬೆರಳಿಟ್ಟು ಅಳೆದ್ರು. ಓಸ್ತಿಯಾ ಆಂಟಿಕಾ, ಹಳೇ ರೋಮನ್ನರ ಬಂದರು ಪಟ್ಟಣ. ಏರ್‌ಪೋರ್ಟಿಂದ ನೇರ ಗೆರೆ ಎಳೆದ್ರೆ 5-6 ಕಿಲೋಮೀಟರ್. "ಅರ್ಧ ಹೆಬ್ಬೆರಳೂ ಇಲ್ಲ ಕಣಮ್ಮ, ನಡ್ಕೊಂಡೇ ಹೋಗಬಹುದು."

ಹೆಬ್ಬೆರಳಿಗೆ ಗೊತ್ತಾಗದ ಸಂಗತಿ ಏನು ಅಂದ್ರೆ ಮಧ್ಯದಲ್ಲಿ ಟೈಬರ್ ನದಿ ಎರಡು ಕವಲಾಗಿ ಹರೀತದೆ, ಅದರ ನಡುವೆ ಒಂದು ದ್ವೀಪ, ಜೊತೆಗೆ ಕಾರುಗಳು ಯಮವೇಗದಲ್ಲಿ ಓಡೋ ರಸ್ತೆಗಳು. ನಡೆಯೋ ಮಾತು ಅಲ್ಲಿಗೆ ಬಿಟ್ವಿ. ಟ್ಯಾಕ್ಸಿಯವನೊಬ್ಬ ನಗ್ತಾ ಬಾಗಿಲು ತೆಗೆದ, "ಓಸ್ತಿಯಾ ಆಂಟಿಕಾ" ಅಂದ ತಕ್ಷಣ ಹಾಗಲಕಾಯಿ ಕಚ್ಚಿದೋನ ಥರ ಮುಖ ಮಾಡಿ ಬಾಗಿಲು ಹಾಕಿದ. ಅವನಿಗೆ ಬೇಕಾಗಿದ್ದು ರೋಮಿನ ಬಾಡಿಗೆ, ನಮ್ಮ ಅರ್ಧ ಹೆಬ್ಬೆರಳಿನ ಬಾಡಿಗೆ ಅಲ್ಲ.

ಉಳಿದಿದ್ದು ಬಸ್ಸು. ಲಿಡೋ ಅನ್ನೋ ಸಮುದ್ರತೀರದ ಊರಿನ ಕಡೆ ಹೋಗೋ ಬಸ್ ಒಂದಿದೆ, ಅಲ್ಲಿ ಇಳಿದು ಟ್ರೈನ್ ಹಿಡಿದು ಒಂದಿಷ್ಟು ವಾಪಸ್ ಬಂದ್ರೆ ಆಯ್ತು ಅಂತ ನಾನು ಫೋನಲ್ಲಿ ನೋಡ್ತಾ ಇದ್ದೆ. ಆದ್ರೆ ಅಪ್ಪಂಗೆ ಫೋನ್ ಹೇಳಿದ್ದು ವೇದವಾಕ್ಯ ಅಲ್ಲ, ಬಾಯಿ ಇರೋ ಮನುಷ್ಯ ಹೇಳಬೇಕು. ಸ್ಟಾಪಲ್ಲಿ ಕ್ಯಾಪ್ ಹಾಕ್ಕೊಂಡು ಒಬ್ಬರು ಹಿರಿಯರು ನಿಂತಿದ್ರು. ಅಪ್ಪ ಹೋಗಿ ಅಚ್ಚ ಕನ್ನಡದಲ್ಲಿ "ಸ್ವಾಮೀ, ಓಸ್ತಿಯಾ ಬಸ್ಸು ಇಲ್ಲೇ ಬರುತ್ತಾ?" ಅಂದ್ರು.

ಆ ಹಿರಿಯರು ಒಂದು ನಿಮಿಷ ಬಿಡದೆ ಇಟಾಲಿಯನ್‌ನಲ್ಲಿ ಉತ್ತರ ಕೊಟ್ರು. ಬಾಯಿಗಿಂತ ಕೈ ಜಾಸ್ತಿ ಮಾತಾಡ್ತಿತ್ತು. ನಡುವೆ ಐದೂ ಬೆರಳು ಕೂಡಿಸಿ, ತುತ್ತು ಕಲಸಿ ಬಾಯಿಗೆ ಇಡೋ ಹಾಗೆ, ಮುಂದೆ ಹಿಂದೆ ಆಡಿಸಿದ್ರು. ನಂಗೆ ಗೊತ್ತಿದ್ದ ಮಟ್ಟಿಗೆ ಅದು "ಏನ್ ಕೇಳ್ತಿದೀಯಪ್ಪಾ ನೀನು?" ಅಂತ. ಅಪ್ಪ ಮಾತ್ರ ತುಂಬಾ ಸಂತೋಷದಿಂದ "ಆಯ್ತು ಆಯ್ತು, ಹೋಟೆಲಲ್ಲೇ ತಿಂಡಿ ಆಯ್ತು, ನಿಮ್ದು?" ಅಂದ್ರು. ಅವರು ಮತ್ತೆ ಬೆರಳು ಕೂಡಿಸಿದ್ರು. ಅಪ್ಪ ನನ್ನ ಕಡೆ ತಿರುಗಿ, "ಪಾಪ, ಅವರದ್ದು ಇನ್ನೂ ಆಗಿಲ್ವಂತೆ" ಅಂತ ಹೇಳಿ ನನ್ನ ಬ್ಯಾಗಿಂದ ಬಿಸ್ಕೆಟ್ ಪ್ಯಾಕ್ ತೆಗೆದು ಕೊಟ್ರು. ಅವರು ತಗೊಂಡ್ರು ಕೂಡ! ಅಲ್ಲಿಂದ ಮುಂದೆ ಆ ಇಬ್ಬರನ್ನ ತಡೆಯೋಕೆ ಯಾರಿಂದ ಆಗುತ್ತೆ. ಮೊಣಕಾಲು ಮುಟ್ಟಿ ತೋರಿಸಿಕೊಂಡ್ರು, ಆಕಾಶ ತೋರಿಸಿದ್ರು, ಫೋನಲ್ಲಿ ಮೊಮ್ಮಕ್ಕಳ ಫೋಟೋ ಬಂತು, ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಟ್ರು. ಮುಕ್ಕಾಲು ಗಂಟೆ ಆದ್ಮೇಲೆ ಅಪ್ಪ ಬಂದು, "ಬಸ್ ಬರುತ್ತಂತೆ" ಅಂದ್ರು. ಎಷ್ಟು ಹೊತ್ತಿಗಪ್ಪಾ? "ಅಷ್ಟೊಂದು ಡೀಟೇಲ್ ಕೇಳಲಿಲ್ಲ, ಪಾಪ ಅವರಿಗೂ ಶುಗರ್ ಇದೆ."

ಅವರು ಯಾವ ಬಸ್ಸೂ ಹತ್ತೋಕೆ ನಿಂತಿರಲಿಲ್ಲ ಅಂತ ಗೊತ್ತಾಗಿದ್ದು, ಬಸ್ಸಲ್ಲಿ ಬಂದ ಯಾರನ್ನೋ ತಬ್ಬಿಕೊಂಡು ನಮಗೆ ಟಾಟಾ ಮಾಡಿ ಹೊರಟಾಗ. ಬಿಸ್ಕೆಟ್ ಸಮೇತ.

ಸರಿ, ಬಸ್ಸಿನ ಆಸೆ ಬಿಟ್ಟು, ಕೊಂಕಣ ಸುತ್ತಿ ಮೈಲಾರಕ್ಕೆ ಅನ್ನೋದನ್ನ ಅಕ್ಷರಶಃ ಮಾಡಿದ್ವಿ. ತಲಾ 8 ಯೂರೋ ಕೊಟ್ಟು ಟ್ರೈನ್ ಹತ್ತಿ ರೋಮ್ ಊರೊಳಗಿನ ಓಸ್ತಿಯೆನ್ಸೆ ಸ್ಟೇಷನ್, ಅಲ್ಲಿಂದ ನೆಲದಡಿ ದಾರೀಲಿ ನಡೆದು ಪಕ್ಕದ ಪೋರ್ತಾ ಸಾನ್ ಪಾವೊಲೋ ಸ್ಟೇಷನ್, ಅಲ್ಲಿ 1.50 ಯೂರೋ ಟಿಕೆಟ್ ತಗೊಂಡು ಮತ್ತೆ ಸಮುದ್ರದ ಕಡೆಗೇ, ಅಂದ್ರೆ ಬಂದ ದಿಕ್ಕಿಗೇ ಇನ್ನೊಂದು ಟ್ರೈನ್. ಸ್ಟೇಷನ್ ಹೊರಗೆ ಒಂದು ಪಿರಮಿಡ್ ಬೇರೆ ಇದೆ, ನಿಜವಾಗ್ಲೂ, ಕ್ರಿಸ್ತಪೂರ್ವದಲ್ಲಿ ಸೆಸ್ಟಿಯಸ್ ಅನ್ನೋ ರೋಮನ್ನೊಬ್ಬ ತನ್ನ ಸಮಾಧಿಗೆ ಕಟ್ಟಿಸಿಕೊಂಡಿದ್ದು. ಅದನ್ನ ನೋಡಿ ಒಂದು ಕ್ಷಣ ದಾರಿ ತಪ್ಪಿ ಈಜಿಪ್ಟಿಗೆ ಬಂದ್ವೇನೋ ಅನ್ನಿಸಿದ್ದು ನನ್ನ ತಪ್ಪಲ್ಲ.

ಹೊಟ್ಟೆ ಉರಿಯೋ ವಿಷಯ ಇನ್ನೊಂದಿದೆ. ಈಗಿನ ಏರ್‌ಪೋರ್ಟ್ ಪಕ್ಕದಲ್ಲೇ ಆಗಿನ ಕಾಲದ ಪೋರ್ತುಸ್ ಅನ್ನೋ ಬಂದರು ಇತ್ತು. ಚಕ್ರವರ್ತಿ ಕ್ಲಾಡಿಯಸ್ ಶುರು ಮಾಡಿದ್ದು, ಆಮೇಲೆ ಇನ್ನೊಬ್ಬ ಚಕ್ರವರ್ತಿ ಟ್ರಾಜನ್ ಆರು ಮೂಲೆಯ ಕೊಳ ತೋಡಿಸಿದ, ಆ ಕೊಳ ಇವತ್ತಿಗೂ ಹಾಗೇ ಇದೆ. ಆ ಪೋರ್ತುಸ್‌ನಿಂದ ಓಸ್ತಿಯಾಕ್ಕೆ ದ್ವೀಪದ ಮೇಲೆ ಹಾದು ಹೋಗೋ ರಸ್ತೆ ಇತ್ತು! 2000 ವರ್ಷದ ಹಿಂದೆ ಗೋಧಿ ಮೂಟೆ ಹೊರೋನು ಹೋಗ್ತಿದ್ದ ದಾರೀಲಿ ನಾವು ಗೂಗಲ್ ಇಟ್ಕೊಂಡು ಹೋಗೋಕಾಗಲಿಲ್ಲ.

ತಲುಪಿದಾಗ ನಡು ಮಧ್ಯಾಹ್ನ. ಪುಣ್ಯಕ್ಕೆ ಅವತ್ತು ಬುಧವಾರ, ಸೋಮವಾರ ಆಗಿದ್ರೆ ಬಾಗಿಲು ಹಾಕಿರೋದು ನೋಡ್ಕೊಂಡು ಬರಬೇಕಿತ್ತು. ಒಳಗಿನ ಮುಖ್ಯ ಬೀದಿಗೆ ಹಾಸಿರೋ ಕಲ್ಲುಗಳಿವೆಯಲ್ಲ, ನೋಡೋಕೆ ಚೆಂದ, ಆದ್ರೆ ಒಂದೊಂದೂ ಒಂದೊಂದು ಕಡೆ ವಾಲಿದೆ, ಬೊಬ್ಬೆ ಬಂದಿದ್ದು ಅಲ್ಲೇ. ಊರು ಮಾತ್ರ ಸುಳ್ಳು ಹೇಳಬಾರದು, ಅದ್ಭುತ. ವ್ಯಾಪಾರಿಗಳ ಚೌಕದಲ್ಲಿ ಒಬ್ಬೊಬ್ಬರ ಅಂಗಡಿ ಮುಂದೆ ನೆಲದಲ್ಲೇ ಬೋರ್ಡು, ಹಡಗು, ಮೀನು, ಒಂದು ಕಡೆ ಆನೆ ಕೂಡ, ಎಲ್ಲಾ ಕಪ್ಪು ಬಿಳಿ ಚೂರುಕಲ್ಲಲ್ಲಿ. ಸಾರ್ವಜನಿಕ ಶೌಚಾಲಯ ಅಂತೂ ಉದ್ದಕ್ಕೆ ಕಲ್ಲುಬೆಂಚು, ಅದರಲ್ಲಿ ಸಾಲಾಗಿ 20ರಷ್ಟು ತೂತು, ನಡುವೆ ಗೋಡೆಯಿಲ್ಲ ಮರೆಯಿಲ್ಲ. ಅಪ್ಪ ಅದನ್ನ ನೋಡಿ, "ಎಷ್ಟು ಚೆನ್ನಾಗಿ ಮಾತಾಡ್ತಾ ಕೂತ್ಕೋಬಹುದಿತ್ತು" ಅಂದ್ರು. ನಿಜವಾದ ಆಸೆ ಇತ್ತು ಆ ಮಾತಲ್ಲಿ.

ಆಮೇಲೆ ನಾಟಕಶಾಲೆಯ ಮೆಟ್ಟಿಲ ಮೇಲೆ ಕೂತು, "ಬಂದರು ಅಂತೀಯ, ಸಮುದ್ರ ಎಲ್ಲಿ?" ಅಂತ ಕೇಳಿದ್ರು. ಹೂಳು ತುಂಬಿ ತುಂಬಿ ಸಮುದ್ರ ಕಿಲೋಮೀಟರ್‌ಗಟ್ಟಲೆ ಆಚೆ ಹೋಗಿದೆ, 1557ರ ಪ್ರವಾಹದಲ್ಲಿ ನದೀನೂ ಪಾತ್ರ ಬದಲಿಸಿ ಊರ ಪಕ್ಕದಿಂದ ಎದ್ದು ಹೋಯ್ತು ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಹಾಗೆ ಸುಮ್ಮನಿರೋ ಅಪ್ಪನೇ ನನಗೆ ಚಿಕ್ಕಂದಿನಿಂದ ಗೊತ್ತಿದ್ದಿದ್ದು. ಎಲ್ಲಿಗೆ ಹೋದ್ರೂ ಕಿಟಕಿಯಿಂದ ತಲೆ ಹೊರಗೆ ಹಾಕಿ ದಾರಿ ಕೇಳ್ತಿದ್ದಿದ್ದು ಅಮ್ಮ, "ಊರೋರನ್ನೆಲ್ಲ ಮಾತಾಡಿಸ್ತೀಯಲ್ಲ" ಅಂತ ಸಿಡುಕ್ತಿದ್ದಿದ್ದು ಅಪ್ಪ. ಅಮ್ಮ ಹೋದ್ಮೇಲೆ ಆ ಡ್ಯೂಟಿ ಇವರು ಯಾವಾಗ ತಗೊಂಡ್ರೋ ನಾನು ಗಮನಿಸಿಲ್ಲ.

ಅದೇನೇ ಇರಲಿ, ವಾಪಸ್ ಬರೋವಾಗ ಮತ್ತೆ ಅದೇ ಎರಡು ಟ್ರೈನು, ಮತ್ತೆ ಅದೇ ಪಿರಮಿಡ್ಡು, ಕುಂಟ್ತಾ ಕುಂಟ್ತಾ ಚೆಕ್-ಇನ್ ಮುಗಿಸಿದ್ದು ದೇವರಿಗೇ ಪ್ರೀತಿ.

ಹಾಗಾಗಿ ನಿನ್ನೆ ಕೈ ಒರೆಸಿಕೊಂಡು ಹಾಲಿಗೆ ಓಡಿದೆ, ಆ ಕಡೆ ಇರೋ ಅಂಕಲ್‌ಗಾದ್ರೂ ನಿಜ ಹೇಳೋಣ ಅಂತ. ಓಸ್ತಿಯೆನ್ಸೆ, ಎರಡನೇ ಟ್ರೈನ್, ಸೋಮವಾರ ರಜಾ, ಗಟ್ಟಿ ಶೂ, ಎಲ್ಲಾ ಬಾಯಿ ತುದಿಯಲ್ಲಿತ್ತು. ಅಪ್ಪ ಕೈ ಅಡ್ಡ ಹಿಡಿದು ನನ್ನ ತಡೆದು ಫೋನಿಗೆ ಹೇಳ್ತಿದ್ರು, "ಬಸ್ಸಿಂದು ನೀವೇನೂ ತಲೆ ಕೆಡಿಸ್ಕೋಬೇಡಿ. ಸ್ಟಾಪಲ್ಲಿ ಕ್ಯಾಪ್ ಹಾಕ್ಕೊಂಡು ಒಬ್ಬರು ಹಿರಿಯರು ಇರ್ತಾರೆ, ಅವರನ್ನ ಕೇಳಿ, ಎಲ್ಲಾ ಹೇಳ್ತಾರೆ. ಒಂದು ಪ್ಯಾಕ್ ಬಿಸ್ಕೆಟ್ ಇಟ್ಕೊಂಡಿರಿ, ಶುಗರ್‌ಫ್ರೀದು."