ಬ್ರಹ್ಮಚರ್ಯಕ್ಕೆ ಐದೇ ಅಂಕ

ಕೋಳಿ ತಿನ್ನುವುದಿಲ್ಲ ಎಂದರೆ 5 ಅಂಕ. ಜೀವಮಾನವಿಡೀ ಬ್ರಹ್ಮಚಾರಿಯಾಗಿ ಇರುತ್ತೇನೆ ಎಂದರೂ ಅದೇ 5. ಹೀಗೆ ಬೆಲೆ ಕಟ್ಟಿದವರು ಗರ್ಪ್ಸ್ ಎಂಬ ಅಮೆರಿಕನ್ ಆಟದ ನಿಯಮಕಾರರು. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಮಾಂತ್ರಿಕರೋ ವೀರರೋ ಆಗಿ ಕತೆ ಕಟ್ಟುವ ಈ ಆಟ 1986ರಿಂದ ಇದೆ. ಪಾತ್ರಕ್ಕೊಂದು ಕಷ್ಟ ತಗುಲಿಸಿಕೊಂಡರೆ ಅಂಕ ಸಿಗುತ್ತದೆ, ಆ ಅಂಕ ಕೊಟ್ಟು ಶಕ್ತಿ ಕೊಳ್ಳಬಹುದು. ನಾಲ್ಕನೆಯ ಆವೃತ್ತಿಯಲ್ಲಿ ಸಸ್ಯಾಹಾರ, ಬ್ರಹ್ಮಚರ್ಯ ಎರಡೂ ಸಣ್ಣ ವ್ರತಗಳು. ಒಗ್ಗದ ಕೈಯಲ್ಲೇ ಸದಾ ಕಾದಾಡುತ್ತೇನೆ ಎಂಬುದು ಮಾತ್ರ ಮಹಾವ್ರತ, ಅದಕ್ಕೆ 15.

ಮಂತ್ರಶಕ್ತಿಯ ಮೊದಲ ಮೆಟ್ಟಿಲಿನ ಬೆಲೆಯೂ ಅಲ್ಲಿ ಸರಿಯಾಗಿ 5. ಆ ಲೆಕ್ಕದಲ್ಲಿ ಉಡುಪಿ ಹೋಟೆಲು ಬಿಟ್ಟು ಬೇರೆಲ್ಲೂ ಉಣ್ಣದವರೆಲ್ಲ ಆಗಲೇ ಅರೆ ಮಾಂತ್ರಿಕರು.

ದೇವವ್ರತ ದಾಶರಾಜನ ಎದುರು ಆಣೆ ಇಟ್ಟಾಗ ಆಕಾಶದಿಂದ ಹೂಮಳೆ ಸುರಿಯಿತು, ಅಪ್ಪ ಇಚ್ಛಾಮರಣದ ವರ ಕೊಟ್ಟ. ಈ ಮೇಜಿನ ಮುಂದೆ ಕೂತಿದ್ದರೆ, "ಐದು ಬರ್ಕೊಳಪ್ಪಾ, ಎಡಗೈಯಲ್ಲಿ ಬಾಣ ಬಿಡೋದಾದ್ರೆ ಇನ್ನೂ ಹದಿನೈದು ಇದೆ" ಎಂದುಬಿಡುತ್ತಿದ್ದರು.

ನಿಯಮಕಾರರನ್ನು ಬೈದು ಪ್ರಯೋಜನವಿಲ್ಲ, ದರ ನ್ಯಾಯವಾಗಿಯೇ ಇದೆ. ಮಾಂತ್ರಿಕ ದಿನಗಟ್ಟಲೆ ಅಲೆಯುವ ಗುಹೆಯಲ್ಲಿ ಎದುರಾಗುವುದು ಅಸ್ಥಿಪಂಜರ, ಗಾಬ್ಲಿನ್, ಗೋಡೆಯಿಂದ ತೊಟ್ಟಿಕ್ಕುವ ಅಂಟುಲೋಳೆ. ಅಲ್ಲಿ ಬ್ರಹ್ಮಚರ್ಯ ಪಾಲಿಸುವುದು ಮರುಭೂಮಿಯಲ್ಲಿ ಈಜುವುದಿಲ್ಲ ಎಂದು ಆಣೆ ಇಟ್ಟಂತೆ. ವ್ರತಕ್ಕೆ ಪರೀಕ್ಷೆ ಒಡ್ಡಬೇಕೆಂದರೆ ಆಟ ನಡೆಸುವ ಗೇಮ್ ಮಾಸ್ಟರ್ ಇಂದ್ರನಾಗಿ ಒಬ್ಬ ಮೇನಕೆಯನ್ನು ಕಳಿಸಬೇಕು. ತೊಡಕೆಂದರೆ ಮೇನಕೆಯ ಮಾತುಗಳನ್ನೂ ಅವನೇ ಆಡಬೇಕು. ವಾರದ ಗಡ್ಡ, ಬಾಯಲ್ಲಿ ಚಿಪ್ಸ್. ವಿಶ್ವಾಮಿತ್ರನಿಗೆ ಇಷ್ಟು ರಿಯಾಯಿತಿ ಇರಲಿಲ್ಲ.

ಇದೇ ಬಗೆಯ ಇನ್ನೊಂದು ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನವರು ಇನ್ನೂ ಧರ್ಮಭೀರುಗಳು. ಅವರ ಹಳೆಯ ನಿಯಮದಲ್ಲಿ ಪುರೋಹಿತ ಹರಿತವಾದ ಆಯುಧ ಮುಟ್ಟುವಂತಿಲ್ಲ. ಗದೆಯಿಂದ ಬುರುಡೆ ಒಡೆದರೆ ಮಡಿಗೆ ಭಂಗವಿಲ್ಲ. 2003ರಲ್ಲಿ ಅವರು 'ಬುಕ್ ಆಫ್ ಎಕ್ಸಾಲ್ಟೆಡ್ ಡೀಡ್ಸ್' ಎಂಬ ಪುಸ್ತಕ ತಂದು ವ್ರತಗಳ ಅಂಗಡಿಯನ್ನೇ ತೆರೆದರು. ಬ್ರಹ್ಮಚರ್ಯ ತೊಟ್ಟರೆ ವಶೀಕರಣದ ವಿರುದ್ಧ ದಾಳಕ್ಕೆ +4. ಮದ್ಯ ಬಿಟ್ಟರೆ ವಿಷದ ವಿರುದ್ಧ +4. ಆದರೆ ಅಂಗಡಿಯ ದೊಡ್ಡ ಮಾಲು ಬಡತನದ ವ್ರತ. ಎಲ್ಲವನ್ನೂ ತ್ಯಜಿಸಿದವನಿಗೆ ಕವಚವಿಲ್ಲದೆಯೂ ರಕ್ಷಣೆ, ಚಳಿಬಿಸಿಲು ತಾಗದ ಮೈ. ಆಡುತ್ತಾ ಪಾತ್ರ 5ನೇ ಹಂತಕ್ಕೇರಿದರೆ ಅನ್ನನೀರು ಬೇಡ, 12ಕ್ಕೆ ಉಸಿರೂ ಬೇಡ. ಇಷ್ಟೆಲ್ಲ ಸಿಗುವುದಾದರೆ ಬಡತನಕ್ಕೆ ಕ್ಯೂ ನಿಲ್ಲದವನು ಯಾರು?

ಕ್ಯೂನಲ್ಲಿ ನಿಂತು ಕೆಟ್ಟವನು ಮಾಂತ್ರಿಕ ಒಬ್ಬನೇ. ಈ ವ್ರತಧಾರಿ ಇಟ್ಟುಕೊಳ್ಳಬಹುದಾದದ್ದು ಒಂದು ಊರುಗೋಲು, ಸಾದಾ ಬಟ್ಟೆ, ಒಂದು ದಿನದ ಬುತ್ತಿ, ಮಂತ್ರಸಾಮಗ್ರಿಯ ಚೀಲ. ಮಂತ್ರದ ಪುಸ್ತಕ ಪಟ್ಟಿಯಲ್ಲಿಲ್ಲ. ಆ ಪುಸ್ತಕವನ್ನು ದಿನಾ ತಿರುವಿ ಹಾಕದಿದ್ದರೆ ಅವನಿಗೆ ಮಂತ್ರವೂ ಇಲ್ಲ. ಅನ್ನವೇ ಬೇಡದವನಿಗೆ ಬುತ್ತಿ ಉಂಟು, ಓದಿ ಬದುಕುವವನಿಗೆ ಪುಸ್ತಕ ಇಲ್ಲ. ಯಾವುದೋ ಇಲಾಖೆಯ ಸುತ್ತೋಲೆ ಓದಿದಂತಾಗುತ್ತದೆ.

ಹಾಗೆಂದು ಸನ್ಯಾಸಿಯ ಪ್ರಯಾಣಕ್ಕೆ ತೊಂದರೆಯಾಗಬಾರದೆಂಬ ಕಾಳಜಿ ನಿಯಮಕಾರರಿಗೆ ಇತ್ತು. ಮಾಂತ್ರಿಕ ವಸ್ತುವನ್ನು ವ್ರತಧಾರಿ ಒಂದು ಕ್ಷಣಕ್ಕೂ ಸಾಲ ಪಡೆಯಬಾರದು, ಸರಿ. ಆದರೆ ಗೆಳೆಯ ಕುಡಿಸಿದ ಮದ್ದನ್ನು ಕುಡಿಯಬಹುದು, ಗೆಳೆಯನ ಬಳಿ ಇರುವ ಮಾಯಾನೊಣದ ಬೆನ್ನೇರಿ ಹಾರಬಹುದು. ಕರಿಮರದ ಆ ಪುಟ್ಟ ನೊಣದ ಗೊಂಬೆ ಬೇಕೆಂದಾಗ ಕುಳ್ಳ ಕುದುರೆಯಷ್ಟು ದೊಡ್ಡದಾಗುತ್ತದೆ. ನಮ್ಮಲ್ಲಿ ಇದಕ್ಕೆ ನಿಯಮಪುಸ್ತಕವೇ ಬೇಕಾಗಲಿಲ್ಲ. ಸ್ವಾಮಿಗಳು ಸರ್ವಸಂಗ ಪರಿತ್ಯಾಗಿಗಳು. ಫಾರ್ಚುನರ್ ಭಕ್ತರ ಹೆಸರಿನಲ್ಲಿದೆ.